ಹನ್ನೆರಡು ಕಿಂಡಿ, ಹದಿಮೂರು ತೋಳ

ಡ್ರಮ್ ತಿರುಗಿಸಿ ಕಿಂಡಿಗೆ ಕಣ್ಣಿಟ್ಟರೆ ತೋಳ ಸೂರ್ಯನನ್ನು ನುಂಗುತ್ತಿತ್ತು. ಒಮ್ಮೆಯಲ್ಲ, ಸುತ್ತಿಗೊಮ್ಮೆ. ಝೋಯಿಟ್ರೋಪ್ ಎಂಬ ಹಳೆಯ ಚಲಿಸುವ ಚಿತ್ರದ ಆಟಿಕೆಯಲ್ಲಿ ನಾನು ಮಾಡಲು ಹೊರಟದ್ದು ತೋಳ ಸೂರ್ಯನನ್ನು ಬೆನ್ನಟ್ಟುವ, ಎಂದೂ ಮುಗಿಯದ ಓಟವನ್ನು. ಕಣ್ಣೆದುರು ನಡೆಯುತ್ತಿದ್ದದ್ದು ಲೋಕದ ಕೊನೆ. ಎರಡು ವಾರದ ಕೆಲಸದ ನಂತರ ಕಂಡ ಈ ತಪ್ಪು ಎಲ್ಲಿಂದ ಹುಟ್ಟಿತು, ಅದನ್ನು ಹೇಗೆ ತಿದ್ದಿದೆ, ತಿದ್ದಿದ ಮೇಲೂ ಅದನ್ನು ಯಾಕೆ ಜೋಪಾನವಾಗಿ ಇಟ್ಟುಕೊಂಡೆ ಎಂಬುದನ್ನು ಮೊದಲಿನಿಂದ ಬರೆಯುತ್ತೇನೆ.

ಉತ್ತರ ಯುರೋಪಿನ ನಾರ್ಸ್ ಪುರಾಣದಲ್ಲಿ ಸೂರ್ಯ ಹೆಣ್ಣು. ಹೆಸರು ಸೋಲ್. ಆರ್ವಾಕ್, ಆಲ್ಸ್ವಿಡ್ ಎಂಬ ಎರಡು ಕುದುರೆಗಳು ಅವಳ ರಥವನ್ನು ಎಳೆಯುತ್ತವೆ. ಹಿಂದೆ ಸ್ಕೊಲ್ ಎಂಬ ತೋಳ, ಮುಂದೆ ಹತಿ ಎಂಬ ಇನ್ನೊಂದು ತೋಳ. ಹಳೆಯ ಕಾವ್ಯ ‘ಗ್ರಿಮ್ನಿಸ್ಮಾಲ್’ ತೋಳಗಳ ಬಗ್ಗೆ ಒಂದೇ ಪದ್ಯದಲ್ಲಿ ಇಷ್ಟನ್ನು ಹೇಳಿ ಮುಂದೆ ಹೋಗಿಬಿಡುತ್ತದೆ. 13ನೇ ಶತಮಾನದ ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ ಮಾತ್ರ ಅಲ್ಲಿ ನಿಂತು ನೋಡುತ್ತಾನೆ. ಸೂರ್ಯ ಇಷ್ಟು ಅವಸರದಲ್ಲಿ ಓಡುವುದೇಕೆ ಎಂಬ ಪ್ರಶ್ನೆಗೆ ಅವನ ಗದ್ಯದಲ್ಲಿ ಸಿಗುವ ಉತ್ತರದ ಭಾವ ಇದು: ಬೆನ್ನು ಹತ್ತಿದವನು ಹತ್ತಿರದಲ್ಲೇ ಇರುವಾಗ ಅವಳು ಓಡದೆ ಇನ್ನೇನು ಮಾಡಬೇಕು? ಆಕಾಶದ ಬೆಳಕನ್ನು ಭಯದ ಕಣ್ಣಿನಿಂದ ನೋಡಿದ ಈ ಕಥೆ ನನ್ನನ್ನು ವರ್ಷಗಳಿಂದ ಹಿಡಿದಿಟ್ಟಿದೆ. ಕನ್ನಡದಲ್ಲಿ ‘ಸೂರ್ಯ ಬಂದ’ ಎಂದೇ ನಾಲಿಗೆ ಹೊರಳುತ್ತದೆ. ‘ಬಂದಳು’ ಎನ್ನಲು ಒಂದು ಕ್ಷಣ ತಡೆಯಬೇಕಾಗುತ್ತದೆ. ಆ ತಡೆಯಲ್ಲೇ ಅವಳು ನನಗೆ ಬೇರೆಯಾಗಿ ಕಾಣತೊಡಗಿದಳು.

ಪೇಗನ್ ಆಚರಣೆ, ಎಂದರೆ ಕ್ರೈಸ್ತ ಧರ್ಮಕ್ಕಿಂತ ಹಿಂದಿನ ಯುರೋಪಿನ ದೇವತೆಗಳ ಆರಾಧನೆ, ನನ್ನ ಬದುಕಿನ ಭಾಗ. ವರ್ಷದ ಅತಿ ದೀರ್ಘ ರಾತ್ರಿಯಂದು, ಯೂಲ್ ಹಬ್ಬದ ಹೊತ್ತಿಗೆ, ಸೋಲ್‌ಗಾಗಿ ದೀಪ ಹಚ್ಚಿ ಕೂರುತ್ತೇನೆ. ದೀಪದ ಜೊತೆಗೆ ಕೈಯಿಂದ ಮಾಡಿದ ವಸ್ತುವೊಂದು ಇರಬೇಕು, ಅದು ಚಲಿಸಬೇಕು ಎಂಬ ಆಸೆ ಬಹಳ ದಿನದ್ದು. ಮೊಬೈಲಿನಲ್ಲಿ ಅನಿಮೇಷನ್ ಮಾಡಿ ತೋರಿಸಬಹುದಿತ್ತು. ಆದರೆ ಅದಕ್ಕೊಂದು ಆರಂಭ, ಒಂದು ಅಂತ್ಯ ಇರುತ್ತದೆ. ಮತ್ತೆ ಮತ್ತೆ ಓಡುವಂತೆ ಹೇಳಿದರೂ ಅದು ಮೊದಲಿಗೆ ಜಿಗಿಯುತ್ತದೆ. ನನಗೆ ಬೇಕಿದ್ದದ್ದು ತುದಿಯೇ ಇಲ್ಲದ ಚಿತ್ರಪಟ್ಟಿ. ಅಂಥದ್ದು ಸಿನಿಮಾ ಹುಟ್ಟುವ ಮೊದಲೇ ಇತ್ತು: ಝೋಯಿಟ್ರೋಪ್. ಸುತ್ತ ಕಿಂಡಿಗಳಿರುವ ಡ್ರಮ್, ಒಳಗೋಡೆಗೆ ಚಿತ್ರಗಳ ಪಟ್ಟಿ. ತಿರುಗಿಸಿ ಈಚೆ ಬದಿಯ ಕಿಂಡಿಗಳಿಂದ ಆಚೆ ಬದಿಯ ಚಿತ್ರಗಳನ್ನು ನೋಡಿದರೆ ಅವು ಜೀವ ತಳೆಯುತ್ತವೆ.

ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಜಾರ್ಜ್ ಹಾರ್ನರ್ 1834ರಲ್ಲಿ ಇದನ್ನು ವಿವರಿಸಿದಾಗ ಇಟ್ಟ ಹೆಸರು ‘ಡೀಡೇಲಿಯಂ’. ಗ್ರೀಕ್ ಪುರಾಣದ ಶಿಲ್ಪಿ ಡೀಡಲಸ್‌ನ ನೆನಪಿಗೆ ಇಟ್ಟದ್ದು. ಅವನು ಕಡೆದ ಪ್ರತಿಮೆಗಳನ್ನು ಕಟ್ಟಿಹಾಕದಿದ್ದರೆ ಎದ್ದು ಓಡಿಹೋಗುತ್ತವೆ ಎಂಬ ಮಾತು ಪ್ಲೇಟೊನ ‘ಮೀನೊ’ ಸಂವಾದದಲ್ಲಿ ಬರುತ್ತದೆ. ಈ ಮಾತನ್ನು ನೆನಪಿನಲ್ಲಿಡಿ. ನಾನು ಇಟ್ಟುಕೊಳ್ಳದೆ ಕೆಟ್ಟೆ.

ಮೊದಲ ಯೋಜನೆಯಲ್ಲಿ ಕಿಂಡಿ 8 ಇದ್ದವು. ಪೇಗನ್ ವರ್ಷಚಕ್ರಕ್ಕೆ ಎಂಟು ಹಬ್ಬ: ಎರಡು ಅಯನಸಂಕ್ರಾಂತಿ, ಎರಡು ವಿಷುವ, ಇವುಗಳ ನಡುವೆ ನಾಲ್ಕು. ಈ ಎಂಟರ ಕಟ್ಟು ಪುರಾತನವೇನಲ್ಲ, 1950ರ ದಶಕದ ಬ್ರಿಟನ್ನಿನ ಪೇಗನ್ ವಲಯದಲ್ಲಿ ಒಟ್ಟುಗೂಡಿದ್ದು. ಹೊಸದೆಂಬ ಕಾರಣಕ್ಕೆ ನನಗದು ಕಡಿಮೆಯಲ್ಲ, ನಾನು ಬಾಳುತ್ತಿರುವ ಚಕ್ರ ಅದೇ. ಆದರೆ ರಟ್ಟಿನ ಚಿಕ್ಕ ಮಾದರಿ ಮಾಡಿ ನೋಡಿದಾಗ ಸುತ್ತಿಗೆ 8 ನೋಟ ಸಾಲಲಿಲ್ಲ. ಚೆಂಡೊಂದು ಜಾರುವ ಬದಲು ಕುಪ್ಪಳಿಸುತ್ತಿತ್ತು. 12ಕ್ಕೆ ಏರಿಸಿದೆ.

ಡ್ರಮ್ಮಿನ ಅಳತೆ: ಹೊರವ್ಯಾಸ 30 ಸೆಂ.ಮೀ., ಎತ್ತರ 18. ತಳಕ್ಕೆ 6 ಮಿ.ಮೀ. ಪ್ಲೈವುಡ್‌ನ ಬಿಲ್ಲೆ. ಗೋಡೆಗೆ 1 ಮಿ.ಮೀ. ರಟ್ಟಿನ ಎರಡು ಪದರ, ಒಂದರ ಜೋಡಣೆ ಇನ್ನೊಂದರ ಜೋಡಣೆಗೆ ನೇರ ಎದುರು ಬರುವಂತೆ. ದಪ್ಪ ರಟ್ಟನ್ನು ಒಂದೇ ಪದರದಲ್ಲಿ ಬಗ್ಗಿಸಿದರೆ ಜೋಡಿಸಿದ ಕಡೆ ಮೂಗು ಎದ್ದು ನಿಲ್ಲುತ್ತದೆ. ರಟ್ಟಿಗೂ ನಾರಿನ ದಿಕ್ಕು ಇರುತ್ತದೆ. ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ, ಸುಲಭವಾಗಿ ಬಾಗುವ ಕಡೆಗೇ ಸುತ್ತಬೇಕು. ನನ್ನ ಮೊದಲ ಗೋಡೆ ಅಡ್ಡ ನಾರಿನದಾಗಿ ಬಿರುಕು ಬಿಟ್ಟಿತು.

ಕಿಂಡಿಗಳು ಗೋಡೆಯ ಮೇಲರ್ಧದಲ್ಲಿ, ಒಂದೊಂದೂ 7 ಸೆಂ.ಮೀ. ಎತ್ತರ. ಅಗಲದ ವಿಷಯದಲ್ಲಿ ರಾಜಿ ಬೇಕು. 2 ಮಿ.ಮೀ. ಇಟ್ಟರೆ ಚಿತ್ರ ಚೊಕ್ಕ, ಆದರೆ ಕತ್ತಲೆ. 8 ಇಟ್ಟರೆ ಬೆಳಕು ಧಾರಾಳ, ಆದರೆ ಎಲ್ಲವೂ ಕಲಸಿದ ಮಸಿ. ಕಿಂಡಿ ಮಾಡುವುದು ಇಷ್ಟೇ: ಓಡುತ್ತಿರುವ ಚಿತ್ರವನ್ನು ಒಂದು ಕ್ಷಣ ಮಾತ್ರ ಕಣ್ಣಿಗೆ ಕೊಟ್ಟು ಮುಚ್ಚಿಬಿಡುವುದು. ಕ್ಷಣ ದೊಡ್ಡದಾದರೆ ಚಿತ್ರ ಅಷ್ಟರಲ್ಲೇ ಸರಿದಿರುತ್ತದೆ. ತುಂಡು ರಟ್ಟುಗಳಲ್ಲಿ ಕೊರೆದು ನೋಡಿ 4 ಮಿ.ಮೀ.ಗೆ ನಿಂತೆ. ಹೊರಪದರದಲ್ಲಿ ಮಾತ್ರ 4, ಒಳಪದರದಲ್ಲಿ ಅದೇ ಜಾಗದಲ್ಲಿ 10 ಮಿ.ಮೀ. ಅಗಲಕ್ಕೆ ಕತ್ತರಿಸಿದ್ದರಿಂದ ಅಂಟಿಸುವಾಗ ಎರಡು ಪದರ ಕೂದಲೆಳೆಯಷ್ಟು ಸರಿದರೂ ಕಿಂಡಿ ಕೆಡಲಿಲ್ಲ. ಹೊರಮೈಗೆ ಹೊಳಪಿಲ್ಲದ ಕಪ್ಪು ಬಣ್ಣ ಎರಡು ಸಲ ಬಳಿದೆ. ಹೊರಗೋಡೆ ಕಪ್ಪಾದಷ್ಟೂ ಒಳಗಿನ ಚಿತ್ರ ಬೆಳಗುತ್ತದೆ.

ತಿರುಗುವುದಕ್ಕೆ ಸ್ಕೇಟಿಂಗ್ ಚಕ್ರಗಳಲ್ಲಿ ಬರುವ 608 ಬೇರಿಂಗ್, 8 ಮಿ.ಮೀ. ಬೋಲ್ಟು, ಒಂದು ವಾಷರ್, ಅಡಿಗೆ ಭಾರದ ಮರದ ಹಲಗೆ. ಇಲ್ಲಿ ಹೇಳುವಂಥದ್ದು ಒಂದೇ. ತಿರುಗಿಸಿದಾಗ ಡ್ರಮ್ ಒದ್ದಾಡಿತು. ಪೆನ್ಸಿಲನ್ನು ಹಲಗೆಯ ಮೇಲೆ ಅಲುಗದಂತೆ ಹಿಡಿದು ಗೋಡೆಗೆ ಸೋಕಿಯೂ ಸೋಕದಂತೆ ತಂದರೆ, ಹೊರಗೆ ಚಾಚಿದ ಬದಿಗೆ ಮಾತ್ರ ಗೆರೆ ಬೀಳುತ್ತದೆ. ಗೆರೆಯ ನಡುಭಾಗ ಎಲ್ಲಿದೆಯೋ ಆ ಕಡೆಗೆ ನಡುವಿನ ತೂತು 2 ಮಿ.ಮೀ. ಸರಿಯಬೇಕಿತ್ತು. ತೂತನ್ನು ಅರದಿಂದ ಅಗಲಿಸಿ, ಬೇರಿಂಗ್ ಸರಿಸಿ ಕೂರಿಸಿ, ಉಳಿದ ಸಂದಿಗೆ ಎಪಾಕ್ಸಿ ಅಂಟು ತುಂಬಿದೆ. ಆಮೇಲೆ ಡ್ರಮ್ ಸದ್ದಿಲ್ಲದೆ ತಿರುಗಿತು.

ಪಟ್ಟಿಯ ಉದ್ದದಲ್ಲೂ ಎಡವಿದೆ. 30ನ್ನು ಪೈಯಿಂದ ಗುಣಿಸಿ 94.2 ಸೆಂ.ಮೀ. ಕತ್ತರಿಸಿದೆ. ಪಟ್ಟಿ ಕೂರುವುದು ಒಳಗೋಡೆಗೆ. ಒಳವ್ಯಾಸ 29.6, ಸುತ್ತಳತೆ 93. ಹೆಚ್ಚಾದ 12 ಮಿ.ಮೀ. ಒಂದರ ಮೇಲೊಂದು ಕೂತು, ಅಲ್ಲಿ ಬಂದಾಗಲೆಲ್ಲ ಚಿತ್ರ ಬಿಕ್ಕುತ್ತಿತ್ತು.

ಇನ್ನು ಚಿತ್ರ. ಕೆಲಸದ ಸುಖವೆಲ್ಲ ಇದ್ದದ್ದು ಇಲ್ಲಿ.

ಡೆನ್ಮಾರ್ಕಿನ ಟ್ರುಂಡ್‌ಹೋಮ್ ಜೌಗುನೆಲದಲ್ಲಿ 1902ರಲ್ಲಿ ಸಿಕ್ಕ ಸೂರ್ಯರಥವನ್ನು ನನ್ನ ಸೂರ್ಯಬಿಂಬಕ್ಕೆ ಮಾದರಿಯಾಗಿಟ್ಟುಕೊಂಡೆ. ಸುಮಾರು ಕ್ರಿ.ಪೂ. 1400ರ ಕಂಚಿನ ಕುದುರೆ, ಅದರ ಹಿಂದೆ ಸುಮಾರು 25 ಸೆಂ.ಮೀ. ವ್ಯಾಸದ ಬಿಲ್ಲೆ, ಕೆಳಗೆ ಆರು ಚಕ್ರ. ಬಿಲ್ಲೆಯ ಒಂದು ಮುಖಕ್ಕೆ ಚಿನ್ನದ ಹಾಳೆ, ಇನ್ನೊಂದಕ್ಕೆ ಇಲ್ಲ. ಒಂದು ಹಗಲಿನ ಪಯಣ, ಇನ್ನೊಂದು ಇರುಳಿನ ಮರುಪಯಣ ಎಂದು ಅದನ್ನು ಓದುವವರಿದ್ದಾರೆ. ಸೋಲ್‌ಳ ಕಥೆ ಬರಹಕ್ಕೆ ಬರುವುದಕ್ಕಿಂತ ಎರಡೂವರೆ ಸಾವಿರ ವರ್ಷ ಹಿಂದಿನ ವಸ್ತು ಅದು. ಎರಡನ್ನೂ ಒಂದೇ ದಾರಕ್ಕೆ ಪೋಣಿಸುವ ಧೈರ್ಯ ನನಗಿಲ್ಲ. ಆದರೂ ಸೂರ್ಯನನ್ನು ಕುದುರೆ ಎಳೆಯುತ್ತದೆ ಎಂಬ ಎಣಿಕೆ ಆ ನೆಲದಲ್ಲಿ ಅಷ್ಟು ಹಿಂದೆಯೇ ಕಂಚಿನಲ್ಲಿ ಮೂಡಿತ್ತು ಎನ್ನುವುದು ಕುಂಚ ಹಿಡಿದ ಕೈಯನ್ನು ಗಟ್ಟಿಮಾಡುತ್ತದೆ. ಬಿಲ್ಲೆಯ ಮೇಲಿನ ವೃತ್ತಗಳನ್ನೂ ಸುರುಳಿಗಳನ್ನೂ ಬಿಡಿಸಿ ನೋಡಿದೆ. 16 ಮಿ.ಮೀ. ಬಿಂಬದಲ್ಲಿ ಸುರುಳಿ ಕೂರಲಿಲ್ಲ, ಎರಡು ಉಂಗುರ ಮಾತ್ರ ಉಳಿದವು. ಕುದುರೆಗಳನ್ನೂ ಬಿಡಬೇಕಾಯಿತು.

ಮೊದಲ ಪಟ್ಟಿಯಲ್ಲಿ ಬಿಂಬವನ್ನು ಕೈವಾರದಿಂದ ದುಂಡಗೆ ಬರೆದೆ. ಡ್ರಮ್ ತಿರುಗಿದಾಗ ಅದು ನೆಟ್ಟಗೆ ನಿಲ್ಲಿಸಿದ ಮೊಟ್ಟೆಯಾಯಿತು. ತೋಳ ಮೇಕೆಯಷ್ಟು ಗಿಡ್ಡವಾಗಿ, ಕಾಲುಗಳೆಲ್ಲ ಒತ್ತಟ್ಟಿಗೆ ಸೇರಿ ನಿಂತಿತು. ನನ್ನ ಗೆರೆಯನ್ನೇ ಅನುಮಾನಿಸಿ ಒಂದು ಸಂಜೆ ಕಳೆದೆ. ತಪ್ಪು ಗೆರೆಯದಲ್ಲ. ಹತ್ತಿರದ ಕಿಂಡಿ ಬಲಕ್ಕೆ ಹೋಗುವಾಗ ಎದುರುಗೋಡೆಯ ಚಿತ್ರ ಎಡಕ್ಕೆ ಹೋಗುತ್ತಿರುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಹಾದುಹೋಗುವುದರಿಂದ ಕಿಂಡಿ ಇಡೀ ಚಿತ್ರವನ್ನು ಬೇಗ ದಾಟಿಬಿಡುತ್ತದೆ, ಚಿತ್ರ ಅಡ್ಡಕ್ಕೆ ಕುಗ್ಗಿ ಕಾಣುತ್ತದೆ. ಎಷ್ಟು ಕುಗ್ಗುತ್ತದೆ ಎಂಬುದು ಕಣ್ಣು ಎಷ್ಟು ದೂರದಲ್ಲಿದೆ ಎಂಬುದರ ಮೇಲೆ ನಿಂತಿದೆ. ಕಿಂಡಿಯಿಂದ 30 ಸೆಂ.ಮೀ. ದೂರ ಕೂತರೆ, ಡ್ರಮ್ಮಿನ ವ್ಯಾಸವೂ 30 ಆದ್ದರಿಂದ, ಅಗಲ ಮೂರರಲ್ಲಿ ಎರಡು ಪಾಲಾಗುತ್ತದೆ. ಎರಡು ಮೀಟರ್ ಹಿಂದೆ ಸರಿದರೆ ಹೆಚ್ಚುಕಡಿಮೆ ಅರ್ಧ. ನಾನು ಹತ್ತಿರ ಕೂತು ನೋಡುವ ವಸ್ತುವೇ ಬೇಕೆಂದು ಎಲ್ಲವನ್ನೂ ಅಡ್ಡಕ್ಕೆ ಒಂದೂವರೆ ಪಟ್ಟು ಹಿಗ್ಗಿಸಿ ಬರೆದೆ. ಈಗ ಕಾಗದದ ಮೇಲೆ ಸೂರ್ಯಬಿಂಬ 24 ಮಿ.ಮೀ. ಅಗಲ, 16 ಮಿ.ಮೀ. ಎತ್ತರದ ಮಲಗಿದ ಮೊಟ್ಟೆ. ಡ್ರಮ್ ನಿಂತಿರುವಾಗ ಅದು ಏನೂ ಅಲ್ಲ. ತಿರುಗತೊಡಗಿದ ಕೂಡಲೇ ಎರಡೂ ಕಡೆಯಿಂದ ಯಾರೋ ಮೆಲ್ಲಗೆ ಒತ್ತಿದಂತೆ ದುಂಡಗಾಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ: ಓಡುತ್ತಿರುವಷ್ಟು ಹೊತ್ತು ಮಾತ್ರ ಅವಳು ಪೂರ್ಣಬಿಂಬ.

ತೋಳದ ಓಟಕ್ಕೆ ಒಂದು ಪೂರ್ತಿ ದಾಪನ್ನು 13 ಚಿತ್ರಗಳಿಗೆ ಹಂಚಿದೆ. 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಓಡುವ ಕುದುರೆಯನ್ನು ಸಾಲುಕ್ಯಾಮೆರಾಗಳಲ್ಲಿ ಹಿಡಿಯುವವರೆಗೆ, ಕುದುರೆ ನೆಲ ಬಿಟ್ಟಿರುವಾಗ ಕಾಲುಗಳು ಮುಂದಕ್ಕೂ ಹಿಂದಕ್ಕೂ ಚಾಚಿರುತ್ತವೆ ಎಂದೇ ಚಿತ್ರಕಾರರು ಬರೆಯುತ್ತಿದ್ದರು. ನಾಲ್ಕು ಕಾಲೂ ಹೊಟ್ಟೆಯಡಿ ಮಡಚಿಕೊಂಡಾಗ ಅದು ಗಾಳಿಯಲ್ಲಿರುತ್ತದೆ ಎಂದು ಫೋಟೊಗಳು ತೋರಿಸಿದವು. ತೋಳದ್ದು ಕುದುರೆಗಿಂತ ಬಳುಕುವ ಬೆನ್ನು. ಅದಕ್ಕೇ ಕಾಲು ಬರೆಯುವ ಮೊದಲು ಹದಿಮೂರು ಬೆನ್ನುಗೆರೆ ಬರೆದೆ, ಬಿಲ್ಲಿನಂತೆ ಬಾಗಿ ನೀಳವಾಗಿ ಮತ್ತೆ ಬಾಗುವಂತೆ. ಬೆನ್ನು ಸರಿಯಾದರೆ ಕಾಲು ತಾನಾಗಿ ಜಾಗ ಹುಡುಕಿಕೊಳ್ಳುತ್ತದೆ. ಹದಿಮೂರನೆಯದರಿಂದ ಮೊದಲನೆಯದಕ್ಕೆ ಹೋಗುವ ಹೆಜ್ಜೆಯೂ ಉಳಿದ ಹೆಜ್ಜೆಗಳಷ್ಟೇ ಇರಬೇಕು, ಇಲ್ಲದಿದ್ದರೆ ಹೊಲಿಗೆ ಕಾಣುತ್ತದೆ.

ಗುರುತು ಹಾಕುವಾಗ ಒಂದು ಎಚ್ಚರ. 93ನ್ನು 13ರಿಂದ ಭಾಗಿಸಿದರೆ 7.15 ಚಿಲ್ಲರೆ. 7.2 ಎಂದು ಹಿಡಿದು ಒಂದರ ಮುಂದೊಂದು ಅಳೆಯುತ್ತಾ ಹೋದರೆ ಕೊನೆಗೆ ಅರ್ಧ ಸೆಂಟಿಮೀಟರಿಗೂ ಮಿಕ್ಕಿ ಹೊರಗೆ ಹೋಗುತ್ತದೆ. ಪ್ರತಿ ಗುರುತನ್ನೂ ಸೊನ್ನೆಯಿಂದಲೇ ಅಳೆಯಬೇಕು: 7.2, 14.3, 21.5, 28.6, ಹೀಗೆ 93ರವರೆಗೆ.

ಕಪ್ಪು ಕಾಗದದಿಂದ ಕತ್ತರಿಸಿದ ತೋಳಗಳನ್ನು ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಗೆ ಅಂಟಿಸಿದೆ. ಅದರ ಹಿಂದೆ ಕಾಗದದ ಪಟ್ಟಿ: ಬೂದು ಬಣ್ಣದ ಮರಗಳು, ಅವುಗಳ ಮೇಲೆ ಸೂರ್ಯಬಿಂಬ. ಎರಡು ಪಟ್ಟಿ ಬೇರೆಬೇರೆ ಇದ್ದರೆ ಒಂದನ್ನು ಕೆಡಿಸಿಕೊಂಡರೂ ಇನ್ನೊಂದು ಉಳಿಯುತ್ತದೆ ಎಂಬ ಲೆಕ್ಕ. ಮರ 12, ಸೂರ್ಯ 12, ತೋಳ 13.

ಇಲ್ಲೇ ಡೀಡಲಸ್‌ನ ಪ್ರತಿಮೆಗಳು ಎದ್ದು ಓಡಿದ್ದು. ಚಿತ್ರಗಳ ಸಂಖ್ಯೆ ಕಿಂಡಿಗಳ ಸಂಖ್ಯೆಗೆ ಸಮವಾಗಿದ್ದರೆ ಚಿತ್ರ ಇದ್ದಲ್ಲೇ ನಿಲ್ಲುತ್ತದೆ, ಕಟ್ಟಿಹಾಕಿದಂತೆ. ಒಂದು ಹೆಚ್ಚಿದ್ದರೆ ಎದುರುಗೋಡೆ ಹೋಗುವ ದಿಕ್ಕಿಗೆ ಮೆಲ್ಲಗೆ ಸರಿಯುತ್ತದೆ. ಒಂದು ಕಡಿಮೆ ಇದ್ದರೆ ಹಿಂದಕ್ಕೆ. ನನಗಿದು ಗೊತ್ತಿತ್ತು. ತೋಳ ಸ್ವಲ್ಪ ಮುನ್ನುಗ್ಗುವಂತೆ ಕಾಣಲಿ ಎಂದೇ 13 ಇಟ್ಟದ್ದು. ‘ಸ್ವಲ್ಪ’ ಎಂದರೆ ಎಷ್ಟು ಎಂದು ಮಾತ್ರ ಕೂತು ಲೆಕ್ಕ ಹಾಕಿರಲಿಲ್ಲ. ಒಂದು ಸುತ್ತಿಗೆ ಅದು ಹೆಚ್ಚುಕಡಿಮೆ ಒಂದು ಪೂರ್ತಿ ಚಿತ್ರದ ಜಾಗದಷ್ಟು ಮುಂದೆ ಹೋಗುತ್ತದೆ. ಸೂರ್ಯ ಕಟ್ಟಿಹಾಕಿದ ಹನ್ನೆರಡು, ತೋಳ ಬಿಚ್ಚಿಬಿಟ್ಟ ಹದಿಮೂರು. ಸುತ್ತಿಗೊಮ್ಮೆ ಕಪ್ಪು ಬಾಯಿ ಹಿಂದಿನಿಂದ ಬಂದು ಬಿಂಬವನ್ನು ಪೂರ್ತಿ ಮುಚ್ಚಿ ಮುಂದೆ ಹೋಗುತ್ತಿತ್ತು.

ತಿದ್ದುವುದು ಕಷ್ಟವಾಗಲಿಲ್ಲ. ಓಡುವವಳೂ ಬೆನ್ನಟ್ಟುವವನೂ ಒಂದೇ ಎಣಿಕೆಯಲ್ಲಿರಬೇಕು. ಹೊಸ ಪ್ಲಾಸ್ಟಿಕ್ ಪಟ್ಟಿಯಲ್ಲಿ 13 ಸೂರ್ಯ, 13 ತೋಳ. ಹಿಂದಿನ ಕಾಗದದಲ್ಲಿ ಬರೀ ಮರ, 12. ತಿರುಗಿಸಿದರೆ ಮರಗಳು ನಿಂತಲ್ಲೇ ನಿಂತವು, ಅವುಗಳ ಮುಂದೆ ಬೆಳಕು ಹಾದುಹೋಯಿತು, ಅದರ ಹಿಂದೆಯೇ ತೋಳ, ನಡುವಿನ ಅಂತರ ಒಂದು ಎಳೆಯಷ್ಟೂ ಕರಗದೆ. ಝೋಯಿಟ್ರೋಪಿನಲ್ಲಿ ಪಕ್ಕಪಕ್ಕದ ಹಲವು ಚಿತ್ರಗಳು ಒಟ್ಟಿಗೆ ಕಾಣುತ್ತವೆ. ಅದರಿಂದ ಒಬ್ಬ ಸೂರ್ಯಳ ಹಿಂದಿನ ತೋಳವೂ ಕಾಣುತ್ತದೆ, ಮುಂದಿನದೂ ಕಾಣುತ್ತದೆ. ಸ್ಕೊಲ್ ಮತ್ತು ಹತಿ. ನಾನು ಒಂದೇ ತೋಳ ಬರೆದಿದ್ದೆ, ಪದ್ಯದ ಎರಡನೆಯ ತೋಳವನ್ನು ಡ್ರಮ್ ತಾನೇ ತಂದುಕೊಂಡಿತು.

ಬೆಳಕಿನ ಬಗ್ಗೆ ಎರಡು ಮಾತು. ಮೇಲಿನಿಂದ ಡ್ರಮ್ಮಿನೊಳಗೆ ಬೀಳಬೇಕು, ಕೋಣೆ ಕತ್ತಲಿರಬೇಕು. ಮೊದಲು ಹಾಕಿದ ಎಲ್‌ಇಡಿ ಬಲ್ಬಿನಲ್ಲಿ ಚಿತ್ರ ಒಂದು ನೋಟಕ್ಕೆ ಬೆಳಗಿ ಇನ್ನೊಂದಕ್ಕೆ ಮಂಕಾಗುತ್ತಿತ್ತು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಸೆಕೆಂಡಿಗೆ ಒಂದು ಸುತ್ತು ತಿರುಗುವಾಗ ಕಿಂಡಿ ನನ್ನ ಕಣ್ಣಿನ ಮುಂದೆ ತೆರೆದಿರುವುದು ನಾಲ್ಕೈದು ಸಾವಿರಾಂಶ ಸೆಕೆಂಡು ಮಾತ್ರ, ಆ ಮಿಣುಕಿನ ಕತ್ತಲೆ ಪಾಲಿಗೇ ಅದು ಸಿಕ್ಕಿಬಿಡಬಹುದು. ಬ್ಯಾಟರಿಯ ಸಾದಾ ತಂತಿಬಲ್ಬು ಹಾಕಿದೆ. ಬೆಳಕು ನೆಲೆಸಿತು, ಬಣ್ಣವೂ ಬೆಚ್ಚಗಾಯಿತು. ರಟ್ಟಿನ ಡ್ರಮ್ಮಿನ ಹತ್ತಿರ ಉರಿಯುವ ದೀಪ ಬೇಡವೇ ಬೇಡ.

ಕೆಡಿಸಿಕೊಂಡ ಪಟ್ಟಿಯನ್ನು ಎಸೆಯಲು ಎತ್ತಿಕೊಂಡವನ ಕೈ ತಡೆದದ್ದು ಇನ್ನೊಂದು ಹಳೆಯ ಕಾವ್ಯ, ‘ವಾಫ್ಥ್ರೂಡ್ನಿಸ್ಮಾಲ್’. ದೇವತೆಗಳ ಒಡೆಯ ಓಡಿನ್ ದೈತ್ಯನೊಬ್ಬನ ಮುಂದೆ ಕೂತು ಪ್ರಶ್ನೆ ಕೇಳುತ್ತಾನೆ: ಫೆನ್ರಿರ್ ತೋಳ (ಈ ಕಾವ್ಯದಲ್ಲಿ ಹಿಡಿಯುವವನ ಹೆಸರು ಸ್ಕೊಲ್ ಅಲ್ಲ, ಇದು) ಸೂರ್ಯಳನ್ನು ಹಿಡಿದ ಮೇಲೆ ಬರಿದಾದ ಬಾನಿಗೆ ಸೂರ್ಯ ಎಲ್ಲಿಂದ ಬರಬೇಕು? ದೈತ್ಯ ಹೇಳುತ್ತಾನೆ: ತೋಳ ಹಿಡಿಯುವ ಮೊದಲೇ ಅವಳು ಒಬ್ಬ ಮಗಳನ್ನು ಹೆರುತ್ತಾಳೆ, ದೇವತೆಗಳು ಸತ್ತ ಮೇಲೆ ಆ ಹುಡುಗಿ ತಾಯಿಯ ದಾರಿಯಲ್ಲಿ ಸವಾರಿ ಹೊರಡುತ್ತಾಳೆ. ನನ್ನ ತಪ್ಪು ಪಟ್ಟಿಯಲ್ಲಿ ನಡೆಯುತ್ತಿದ್ದದ್ದು ಇದೇ. ಕಪ್ಪು ಬಾಯಿ ದಾಟಿಹೋದ ಮೇಲೆ ಅದೇ ಜಾಗದಲ್ಲಿ ಒಂದು ಬಿಂಬ ಇತ್ತು. ಅದು ಹಳೆಯ ಸೂರ್ಯನೇ ಎಂದು ನಾನು ನೋಡಿದ್ದೆ, ಅಷ್ಟೇ.

ಲೆಕ್ಕವೂ ಇದಕ್ಕೆ ಒದಗಿತು. 12 ಬಿಂಬಗಳಲ್ಲಿ ಪ್ರತಿಯೊಂದಕ್ಕೂ ತೋಳ ಎಷ್ಟು ದೂರದಲ್ಲಿರುತ್ತದೆ ಎಂಬುದು ಪಟ್ಟಿಯಲ್ಲಿ ನಿಗದಿಯಾಗಿಯೇ ಇದೆ. ನನ್ನ ಪಟ್ಟಿಯಲ್ಲಿ ಏಳನೆಯ ಬಿಂಬ ಪೂರ್ತಿ ಮುಚ್ಚಿಹೋಗುತ್ತದೆ. ಹಾಗಾದರೆ ಎಂಟನೆಯದು ಹಳೆಯ ಚಿನ್ನದ ಬಣ್ಣದ್ದಾಗಿರಬೇಕಿಲ್ಲ. ಅದನ್ನು ಕೆರೆದು ತೆಗೆದು, ಕೂದಲೆಳೆಯ ಕೆಂಪು ಉಂಗುರ ಮಾತ್ರ ಬರೆದೆ. ಒಂಬತ್ತರಲ್ಲಿ ಉಂಗುರಕ್ಕೆ ಮೈ ಬಂತು, ಹತ್ತರಲ್ಲಿ ಕಿತ್ತಳೆ ಬಣ್ಣ, ಹನ್ನೆರಡು ದಾಟಿ ಒಂದಕ್ಕೆ ಬರುವಷ್ಟರಲ್ಲಿ ತುಂಬಿದ ಹೊಂಬಣ್ಣ. ಆರನೆಯದರ ಒಳಗೆ, ತೋಳದ ಮೂತಿ ಇನ್ನೂ ಮುಟ್ಟದ ಅಂಚಿನಲ್ಲಿ, ಅದೇ ಕೆಂಪಿನ ಒಂದು ಚುಕ್ಕೆ ಇಟ್ಟೆ. ಹೆರಿಗೆ ಮೊದಲು ಎಂದು ಪದ್ಯ ಹೇಳುತ್ತದಲ್ಲ.

ಒಂದೇ ಒಂದು ಆಸೆ ಈಡೇರಲಿಲ್ಲ. ತೋಳ ಹತ್ತಾರು ಸುತ್ತುಗಳ ಕಾಲ ನಿಧಾನವಾಗಿ ಹತ್ತಿರವಾಗಬೇಕು, ಆಮೇಲೆ ಹಿಡಿಯಬೇಕು ಎಂದಿತ್ತು. ಈ ಡ್ರಮ್ಮಿನಲ್ಲಿ ಅದು ಸಾಧ್ಯವಿಲ್ಲ. ಪಟ್ಟಿ ಒಂದು ಸುತ್ತಿನಲ್ಲಿ ತನ್ನಲ್ಲಿರುವುದನ್ನೆಲ್ಲ ಹೇಳಿ ಮುಗಿಸುತ್ತದೆ, ಅದಕ್ಕಿಂತ ಉದ್ದದ ನೆನಪು ಅದಕ್ಕಿಲ್ಲ. ನಿಧಾನ ಬೇಕೆಂದರೆ ಕೈಯೇ ನಿಧಾನವಾಗಬೇಕು. ಕೈ ತೀರಾ ನಿಧಾನವಾದರೆ ಚಿತ್ರಗಳು ಬಿಡಿಬಿಡಿಯಾಗುತ್ತವೆ.

ಡ್ರಮ್ಮಿನ ಅಂಚಿಗೆ ತಿರುಗಿಸುವ ದಿಕ್ಕಿನ ಬಾಣ ಬರೆದಿದ್ದೇನೆ. ಎದುರು ದಿಕ್ಕಿಗೆ ತಿರುಗಿಸಿದರೆ ತೋಳ ಹಿಂದೆ ಹಿಂದೆ ಓಡುತ್ತದೆ, ಸೂರ್ಯ ಅದರ ಬಾಯಿಯಿಂದ ಹೊರಗೆ ಬರುತ್ತಾಳೆ. 11 ಚಿತ್ರಗಳ ಇರುಳಿನ ಪಟ್ಟಿಯೊಂದನ್ನು ಇನ್ನೂ ಬರೆಯಬೇಕಿದೆ, ಟ್ರುಂಡ್‌ಹೋಮ್ ಬಿಲ್ಲೆಯ ಚಿನ್ನವಿಲ್ಲದ ಮುಖಕ್ಕೆ ಸರಿಯಾಗಿ. ವರ್ಷವಿಡೀ ಡ್ರಮ್ಮಿನಲ್ಲಿ ಇರುವುದು ಓಟದ ಪಟ್ಟಿ. ಯೂಲ್ ರಾತ್ರಿ ಅದನ್ನು ತೆಗೆದು ಆ ತಪ್ಪು ಪಟ್ಟಿಯನ್ನು ಹಾಕಿದೆ. ಹಚ್ಚಿದ ದೀಪವನ್ನು ದೂರದ ಮೂಲೆಯಲ್ಲಿಟ್ಟು, ತಂತಿಬಲ್ಬು ಹೊತ್ತಿಸಿ, ಕಿಂಡಿಯಿಂದ 30 ಸೆಂ.ಮೀ. ದೂರದಲ್ಲಿ ಕೂತು ಮೆಲ್ಲಗೆ ತಳ್ಳಿದೆ. ಕಪ್ಪು ಬಾಯಿ ಬಂತು, ಮುಚ್ಚಿತು, ದಾಟಿತು. ಅಲ್ಲೊಂದು ಕೆಂಪು ಉಂಗುರ ಇತ್ತು.